ಮೊದಲ ಸಂಕ್ರಮಣದ ಸಕ್ಕರಿ ದಾಗಿನ

ನನ್ನ ಕೈಗಿ ಬರವಣಿಗಿ ಒಂದು ಬಿಟ್ಟರ ಬ್ಯಾರೆ ಯಾವ ಕೆಲಸಾನೂ ಬರಂಗಿಲ್ಲ. ಇದನ್ನ ನಾನೇ ಮೊದಲ ಹೇಳಿಬಿಡ್ತೀನಿ. ಇಲ್ಲಂದ್ರ ನಮ್ಮ ಮನಿಯವರು ಹೇಳ್ತಾರ, ಅವರು ಹೇಳಲಾಕ ಸುರು ಮಾಡಿದರ ಭಾಳ ಹೊತ್ತು ಹಿಡೀತದ. ಮೊಳಿ ಹೊಡಿಲಾಕ ಹೋದರ ಬಟ್ಟ ಜಜ್ಜಿಕೊಳ್ತೀನಿ. ಹಗ್ಗ ಹೊಸಿಲಾಕ ಕುಂತರ ನಾ ಈ ಕಡಿ ಹೊಸೀತಿರ್ತೀನಿ, ಆ ಕಡಿ ಅದು ಬಿಚ್ಚಿಕೋತ ಹೋಗತದ. ಸೂಜ್ಯಾಗ ದಾರ ಪೋಣಿಸೋ ಮಾತಂತೂ ತಗೀಬ್ಯಾಡ್ರಿ.

ಇಂಥ ಕೈ ಇಟ್ಟುಕೊಂಡು ನಾ ಹುಟ್ಟಿದ್ದು ಎಂಥ ಮನ್ಯಾಗ ಅಂತೀರಿ? ತುರೋರಿಯ ನಮ್ಮ ಮನ್ಯಾಗ ಸಂಕ್ರಮಣಕ್ಕ ನಾಲ್ವತ್ತು ಮಂದಿ ಕೂಡತಿದ್ದರು. ಉಮರ್ಗಾದವರು, ಉದಗೀರದವರು, ಲಗ್ನ ಆಗಿ ಹೋದ ಹೆಣ್ಣುಮಕ್ಕಳು, ಅವರ ಮಕ್ಕಳು, ಆ ಮಕ್ಕಳು ಎತ್ತಿಕೊಂಡು ಬಂದ ಬೆಕ್ಕಿನ ಮರಿ. ಬಂದವರು ಪ್ರತಿಯೊಬ್ಬರೂ ಯಾರಿಗರೆ ಒಂದು ಸಾಮಾನು ಕೊಡಬೇಕು, ಅದೂ ಸ್ವಂತ ಕೈಲೆ ಮಾಡಿದ್ದು. ಅಂಗಡ್ಯಾಗಿಂದು ತಂದರ ಹೊಸ್ತಿಲ ದಾಟಂಗಿಲ್ಲ. ಕಾಕಾ ಎತ್ತಿನ ಹಗ್ಗ ಹೊಸೀತಿದ್ದರು, ಅವ್ವ ಸಣ್ಣ ಸಣ್ಣ ಬುಟ್ಟಿ ಹೆಣೀತಿದ್ದಳು. ಉದಗೀರದ ಅತ್ತಿ, ಅಂದ್ರ ನಮ್ಮಪ್ಪನ ಹಿರಿ ಅಕ್ಕ, ವರ್ಷಕ್ಕೊಂದು ಕೌದಿ ಹೊಲೀತಿದ್ದರು. ಹಳೆ ಸೀರಿ ತುಂಡು ಕೂಡಿಸಿ ಅವರು ಹೊಲಿದ ಕೌದಿ ಹೊದ್ದುಕೊಂಡರ ಪುಷ್ಯದ ಥಂಡಿ ನಮ್ಮ ಮನಿ ಬಾಗಲಾಗೇ ನಿಂದರತಿತ್ತು.

ಅತ್ತಿಯ ಮಾತು ನಮ್ಮ ಮನ್ಯಾಗ ಸರಕಾರಿ ಫರ್ಮಾನಿದ್ದಂಗ. ಒಂದು ವರ್ಷ ಅವರು ಕಾಕಾಗ ಕೊಟ್ಟ ಕೌದಿ ಮರುವರ್ಷ ಆಕಳ ಕರುವಿನ ಮೈಮ್ಯಾಲ ಸಿಕ್ಕಿತು. ಅವತ್ತೇ ಪಡಸಾಲ್ಯಾಗ ನಿಂತು ಒಂದು ಕಾಯಿದೆ ಮಾಡಿದರು. "ಕೈಲೆ ಮಾಡಿದ್ದನ್ನ ಯಾರೂ ಬ್ಯಾಡ ಅನ್ನಬಾರದು. ಕೊಟ್ಟ ಜಾಗಾದಾಗೇ, ಎಲ್ಲರ ಮುಂದ, ಅದನ್ನ ಬಳಸಬೇಕು." ಅಲ್ಲಿಂದ ಮುಂದ ಕೌದಿ ಸಿಕ್ಕವರು ಕುಂತಲ್ಲೇ ಹೊದ್ದುಕೊಳ್ಳೋರು, ಸೌಟು ಸಿಕ್ಕವರು ಎದ್ದು ಹೋಗಿ ಸಾರು ತಿರುವೋರು.

ನನ್ನ ಕಾಣಿಕಿ ಏನು ಅಂತ ಕೇಳಬ್ಯಾಡ್ರಿ, ಕೇಳಿದರೂ ಹೇಳ್ತೀನಿ. ನಾ ಆಗ ನಿಲಂಗಾದ ಕಚೇರ್ಯಾಗ ಕಾರಕೂನ, ಅಲ್ಲಿ ಬರವಣಿಗಿ ಎಲ್ಲಾ ಉರ್ದುದಾಗೇ. ನನ್ನ ಉರ್ದು ಅಕ್ಷರ ಮುತ್ತು ಪೋಣಿಸಿದಂಗ ಅಂತ ನಮ್ಮ ಪೇಶಕಾರ ಸಾಹೇಬರೇ ಹೇಳತಿದ್ದರು. ಹಂಗಾಗಿ ಛಲೋ ಕಾಗದದ ಮ್ಯಾಲ, ಸುತ್ತಲೂ ಬಳ್ಳಿ ಬರೆದು, ಕಾಕಾನ ಹೆಸರು ಬರಕೊಂಡು ಹೋದೆ. ಮನ್ಯಾಗ ಒಬ್ಬರಿಗೂ ಉರ್ದು ಓದಲಾಕ ಬರಂಗಿಲ್ಲ ಅನ್ನೋದು ನನ್ನ ಲಕ್ಷ್ಯಕ್ಕೇ ಬರಲಿಲ್ಲ. ಕಾಕಾ ಕಾಗದ ತಿರುವಿ ಮುರುವಿ ನೋಡಿದರು, ಕಣ್ಣಿಗಿ ಒತ್ತಿಕೊಂಡರು, ಹೋಗಿ ಎಮ್ಮಿ ಕೊರಳಿಗಿ ತಾಯಿತ ಮಾಡಿ ಕಟ್ಟಿದರು. ಎಮ್ಮಿ ಆ ವಾರ ಹಾಲು ಜಾಸ್ತಿ ಕೊಟ್ಟಿತು. ಮರುವರ್ಷ ಮೂರು ಮಂದಿ ತಮ್ಮ ಎಮ್ಮಿಗೂ ಬರಕೊಡು ಅಂದರು.

ಕೊಡೋದು ತಗೊಳ್ಳೋದರ ಬಗ್ಗೆ ನಾ ಕಚೇರ್ಯಾಗ ಕುಂತು ಭಾಳ ವಿಚಾರ ಮಾಡೀನಿ. ಅಲ್ಲಿ ವಿಚಾರ ಮಾಡಲಾಕ ಟೈಮು ಸಿಗತಿತ್ತು. ದೊಡ್ಡ ಸಾಹೇಬರು ದೌರಾಕ್ಕ ಬಂದರ ಕರವಸ್ತ್ರದ ಮ್ಯಾಲ ರೂಪಾಯಿ ಇಟ್ಟು ನಜರು, ಅಂದ್ರ ಕಾಣಿಕಿ, ತೋರಿಸಬೇಕು. ಅವರು ಮುಟ್ಟಿದರ ನಮ್ಮ ನಸೀಬು, ಮುಟ್ಟದಿದ್ದರ ಆ ವರ್ಷ ವರ್ಗ. ಮದುವ್ಯಾಗ ಮಾಡೋ ಆಯೇರಿ ಇನ್ನೊಂದು ಥರ. ಕೊಟ್ಟ ಕುಪ್ಪಸದ ಬಣ್ಣ ಹೆಂಗಸರು ಹತ್ತು ವರ್ಷ ಮರೆಯಂಗಿಲ್ಲ. ಕೈಲೆ ಮಾಡಿದ್ದರದು ಮಾತ್ರ ಈ ಎರಡರಾಗೂ ಸೇರಂಗಿಲ್ಲ. ನಿಲಂಗಾದ ದವಾಖಾನಿ ಕಂಪೌಂಡರು ಕಿರಸ್ತಾನರು. ಅವರ ಮನ್ಯಾಗ ಬಡಾ ದಿನದ ಹಬ್ಬಕ್ಕ ಎಲ್ಲರೂ ಕೈಲೆ ಏನರೆ ಮಾಡಿ ಒಬ್ಬರಿಗೊಬ್ಬರು ಕೊಡತಿದ್ದರು. ಅವರ ಹೆಂಡತಿ ಉಣ್ಣಿ ದಾರದ ಕಾಲಚೀಲ ಹೆಣೆದಿದ್ದರು, ಒಂದು ಉದ್ದ, ಇನ್ನೊಂದು ಗಿಡ್ಡ. ಕಂಪೌಂಡರು ಎರಡೂ ಹಾಕ್ಕೊಂಡು ಒಂದು ವಾರ ಊರೆಲ್ಲ ತಿರುಗಿದರು. ನಮ್ಮ ಅತ್ತಿ ಕಾಯಿದೆ ಇವರಿಗಿ ಯಾರು ಹೇಳಿದರಪಾ ಅಂತ ನನಗ ಆಶ್ಚರ್ಯ ಆಗಿತ್ತು.

ಈಗ ಅಸಲಿ ಮಾತಿಗಿ ಬರ್ತೀನಿ. ನನ್ನ ಮೊದಲನೇ ಹೆಂಡತಿ ಜ್ವರ ಬಂದು ತೀರಿಕೊಂಡು ಎರಡು ವರ್ಷ ಆದ ಮ್ಯಾಲ ನಾ ಮಾಕಣಿಯ ನೀಲವ್ವನ್ನ ಉಡಕಿ ಮಾಡಿಕೊಂಡೆ. ಉಡಕಿ ಅಂದ್ರ ಗಂಡ ಸತ್ತಾಕಿಗಿ ಹೊಸ ಸೀರಿ ಉಡಿಸಿ ಮನಿ ತುಂಬಿಸಿಕೊಳ್ಳೋದು. ಹಂದರ ಇಲ್ಲ, ವಾಲಗ ಇಲ್ಲ. ನಾಕು ಮಂದಿ ಹಿರಿಯರು, ಮಠದ ಅಯ್ಯನವರು, ಒಂದು ಸೀರಿ. ನಮ್ಮವರಾಗ ಇದಕ್ಕ ಅಡ್ಡಿ ಇಲ್ಲ. ಅಡ್ಡಿ ಇಲ್ಲ ಅಂತಾರ ಖರೆ, ಆದರ ಅದನ್ನ ಮದುವಿ ಅನ್ನಂಗಿಲ್ಲ, ಉಡಕಿ ಬಂದಾಕಿ ಕೈಗಿ ಆರತಿ ತಟ್ಟಿ ಕೊಡಂಗಿಲ್ಲ. ನನ್ನದೂ ಎರಡನೇ ಸಂಬಂಧಾನೇ. ನನಗ ಮಾತ್ರ ಹೊಸ ಅಳಿಯ ಅಂತ ರುಮಾಲು ಸುತ್ತಿ ಹೋಳಿಗಿ ಉಣಿಸಿದರು.

ನಮ್ಮ ಕಡಿ ಹೊಸ ಸೊಸಿಗಿ ಮೊದಲ ಸಂಕ್ರಮಣಕ್ಕ ಕರಿ ಸೀರಿ ಉಡಿಸಿ, ಕುಸುರೆಳ್ಳಿನ ದಾಗಿನ ಹಾಕಿ, ಮಣೆ ಮ್ಯಾಲ ಕೂಡಿಸಿ ಆರತಿ ಮಾಡ್ತಾರ. ಕೊರಳಿಗಿ, ಕೈಗಿ, ಕಿವಿಗಿ, ಹಣಿಗಿ, ಎಲ್ಲಾ ಸಕ್ಕರಿದೇ. ಒಮ್ಮೆ ಅದನ್ನ ಹಾಕ್ಕೊಂಡು ಕುಂತಳು ಅಂದ್ರ ಅಕಿ ಆ ಮನ್ಯಾಕಿ, ಮುಂದ ಯಾರೂ ಬ್ಯಾರೆ ಮಾತಾಡಂಗಿಲ್ಲ. ನಮ್ಮ ಮನ್ಯಾಗ ಅದನ್ನ ಮಾಡೋರು ಉದಗೀರದ ಅತ್ತಿ. ಆ ವರ್ಷ ಎಳ್ಳ ಅಮಾಸಿಗಿ ಎಲ್ಲರೂ ಹೊಲದಾಗ ಉಣ್ಣಲಾಕ ಕುಂತಾಗ ಅವ್ವ ಅಂಜಿಕೋತ ಕೇಳಿದಳು. "ಅಕ್ಕಾ, ನೀಲವ್ವಂದು ಈ ಸಲ ಮೊದಲ ಸಂಕ್ರಮಣ ಅಲ್ಲರೀ?"

ಅತ್ತಿ ಭಜ್ಜಿ ಪಲ್ಯ ಕಲಸಿಕೋತ, ಸಿಟ್ಟೇನೂ ಇಲ್ಲದೆ, ಹವಾಮಾನದ ಮಾತು ಆಡಿದಂಗ ಅಂದರು. "ಉಡಕಿ ಬಂದಾಕಿಗಿ ಮೊದಲಂದು ಎಲ್ಲಿಂದ ಬರತದ? ಅಕೀದು ಹಿಂದೇ ಆಗಿ ಹೋಗ್ಯದ."

ನೀಲವ್ವ ಅಂಬಲಿ ಗಡಗಿ ಹಿಡಕೊಂಡು ಅಲ್ಲೇ ನಿಂತಿದ್ದಳು. ಮುಂದಿನ ಎಲಿಗಿ ಹೋಗಿ ಬಡಿಸಿದಳು. ನಾ ಅರ್ಧ ಎಲಿ ಬಿಟ್ಟು ಕೈ ತೊಳಕೊಂಡೆ.

ತಿರುಗಿ ನಿಲಂಗಾಕ್ಕ ಹೋಗೋ ಮುಂದ ಬಂಡ್ಯಾಗ ಅಕಿ ತಾನೇ ಹೇಳಿದಳು. "ನಾ ಸಕ್ಕರಿ ದಾಗಿನ ಹಾಕ್ಕೊಂಡಾಗ ಎಂಟು ವರ್ಷದಾಕಿ ಇದ್ದೆರೀ. ಹಾಕ್ಕೊಂಡಿದ್ದು ನೆನಪಿಲ್ಲ. ಹುಡುಗರು ಕಿತ್ತು ತಿಂದಿದ್ದಷ್ಟೇ ನೆನಪದ. ನನಗ ಹನ್ನೆರಡು ಆದಾಗ ಆ ಗಂಡ ತೀರಿಕೊಂಡ. ಆಮ್ಯಾಲ ನಮ್ಮವ್ವ ವರ್ಷಾ ವರ್ಷಾ ಕುಸುರೆಳ್ಳು ಮಾಡೋ ಮುಂದ ನನಗ ಹೊಸ್ತಿಲ ಆಚಿಗಿ ಕೂಡಸತಿದ್ದಳು, ಮುಟ್ಟಬಾರದು ಅಂತ."

ನಾ ದಾರಿಯುದ್ದಕ್ಕೂ ಮಾತಾಡಲಿಲ್ಲ. ಮಾತಾಡದೇ ಇರೋದು ನನಗ ಅಪರೂಪ, ಹಂಗಾಗಿ ಅಕಿ ಎರಡು ಸಲ ಹಣಿ ಮುಟ್ಟಿ ನೋಡಿದಳು. ಊರು ಬರೋದರಾಗ ನಾ ನಿಶ್ಚಯ ಮಾಡಿದ್ದೆ. ಅತ್ತಿ ಮಾಡದಿದ್ದರ ನಾ ಮಾಡ್ತೀನಿ.

ಪೇಶಕಾರ ಸಾಹೇಬರ ಹತ್ತಿರ ಹಲ್ಲು ನೋವು ಅಂತ ರಜಾ ತಗೊಂಡೆ. ಸಕ್ಕರಿ ದಾಗಿನ ಮಾಡಬೇಕ್ರಿ ಅಂತ ಯಾವ ಬಾಯಿಲೆ ಹೇಳಲಿ? ಶೇಗಡ್ಯಾಗ ಕೆಂಡ, ಅದರ ಮ್ಯಾಲ ಹಿತ್ತಾಳಿ ಪರಾತ, ಪರಾತದಾಗ ಎಳ್ಳು. ಸಕ್ಕರಿ ಪಾಕ ಮಾಡಿ ಸೌಟು ತುಂಬ ಸುರಿದೆ. ಎಳ್ಳೆಲ್ಲ ಒಂದಕ್ಕೊಂದು ಅಪ್ಪಿಕೊಂಡು ರೊಟ್ಟಿ ಆಗಿ ಕುಂತವು, ಒನಕಿಲೆ ಕುಟ್ಟಿ ಒಡೀಬೇಕಾಯಿತು. ಬಾಜು ಮನಿ ಹುಡುಗರು ಭಾಳ ಛಲೋ ಆಗ್ಯದ, ನಾಳೆನೂ ಮಾಡ್ರಿ ಅಂದರು.

ನೀಲವ್ವ ಹೊಸ್ತಿಲ ಆಚಿಗಿ ಕುಂತು ನೋಡತಿದ್ದಳು. ಹಾಕ್ಕೊಳ್ಳಾಕಿ ಮುಂಚಿತ ಮುಟ್ಟಬಾರದು ಅನ್ನೋದು ಪದ್ಧತಿ, ಅದನ್ನ ನಾವಿಬ್ಬರೂ ಮುರಿಲಿಲ್ಲ. ತಪ್ಪು ಹಿಡಿಲಾಕ ಅತ್ತಿಗಿ ಒಂದು ಎಳಿಯೂ ಸಿಗಬಾರದಿತ್ತು. ಕಡಿಗಿ ಅಕಿಗಿ ತಡಕೊಳ್ಳಲಾಕ ಆಗಲಿಲ್ಲ. "ಪಾಕ ಒಮ್ಮೆಗೇ ಸುರೀತಾರೇನ್ರೀ? ಚಮಚದ ತುದಿಲೆ ನಾಕು ಹನಿ ಹಾಕ್ರಿ. ಬಟ್ಟಿಲೆ ಆಡಿಸ್ರಿ. ಆರಲಿ. ಆಮ್ಯಾಲ ಮತ್ತ ನಾಕು ಹನಿ."

ಅಕಿ ಕೈ ಒಂದು ಸಲಾನೂ ಮಾಡಿದ್ದಿಲ್ಲ, ಆದರ ಹೊಸ್ತಿಲ ಆಚಿಗಿ ಕುಂತು ಅಷ್ಟು ವರ್ಷ ನೋಡಿದ ಕಣ್ಣು ಒಂದನ್ನೂ ಬಿಟ್ಟಿದ್ದಿಲ್ಲ. ಕೆಂಡದ ಮ್ಯಾಲ ಬೂದಿ ಮುಚ್ಚರಿ ಅಂದಳು. ಪಾಕಕ್ಕ ಒಂದು ಹನಿ ಹಾಲು ಬಿಟ್ಟರ ಹೊಲಸು ಮ್ಯಾಲ ಬರತದ, ತಗದು ಚೆಲ್ರಿ ಅಂದಳು. ಅಡಗಿಮನ್ಯಾಗಿನ ಉಗಿ ತಾಕಿದರ ಕಾಳಿನ ಮ್ಯಾಲ ಸಕ್ಕರಿ ಮುಳ್ಳು ಏಳಂಗಿಲ್ಲ, ಹೊರಗ ಹಿತ್ತಲದಾಗ ಥಂಡಿ ಗಾಳಿಗಿ ಕೂಡ್ರಿ ಅಂದಳು. ಕೂತೆ. ಮುಂಜಾನಿಂದ ಮಧ್ಯಾಹ್ನದ ತನಕ, ಬರೋಬ್ಬರಿ ಐದು ದಿನ. ಬಿಸಿ ಪರಾತದಾಗ ಬಟ್ಟ ಆಡಿಸಿ ಆಡಿಸಿ ಹತ್ತೂ ಬಟ್ಟಿನ ತುದಿ ಬೊಬ್ಬಿ ಬಂದವು. ನಾಕನೇ ದಿನ ಕಾಳಿನ ಮ್ಯಾಲ ಸಣ್ಣ ಸಣ್ಣ ಬಿಳಿ ಮುಳ್ಳು ಎದ್ದವು. ನೀಲವ್ವ ಕುತಿಗಿ ಉದ್ದ ಮಾಡಿ ನೋಡಿ, "ಎದ್ದಾವರೀ" ಅಂದಳು. ತಹಶೀಲದಾರ ಮಾಡೀವಿ ಅಂತ ಹುಕುಂ ಬಂದಿದ್ದರೂ ನನಗ ಅಷ್ಟು ಖುಷಿ ಆಗತಿದ್ದಿಲ್ಲ.

ಪೋಣಿಸೋ ಕಥಿ ಬ್ಯಾರೆ ಅದ, ಅದನ್ನ ಬಿಡ್ತೀನಿ. ಸೂಜಿಗಿಂತ ನನ್ನ ಬೈಗುಳನೇ ಜಾಸ್ತಿ ಓಡಾಡಿದವು. ಅಂತೂ ಒಂದು ಸರ, ಎರಡು ಬಳಿ, ಒಂದು ಜೋಡಿ ಕಿವಿ ಹೂವು ಆದವು. ಕಚೇರಿ ಪೆಟ್ಟಿಗ್ಯಾಗ ಅರಿವಿ ಹಾಸಿ, ಬಂಡಿ ಕುಲುಕಿದಾಗೆಲ್ಲ ಪೆಟ್ಟಿಗಿ ತೊಡಿ ಮ್ಯಾಲ ಎತ್ತಿ ಹಿಡಕೊಂಡು ತುರೋರಿಗಿ ತಂದೆ.

ಸಂಕ್ರಮಣದ ದಿನ ಊಟ ಆದ ಮ್ಯಾಲ ಪಡಸಾಲ್ಯಾಗ ಎಲ್ಲರೂ ಕೂಡಿದರು. ಹಗ್ಗ, ಬುಟ್ಟಿ, ಕೌದಿ ಎಲ್ಲಾ ಆಗಿ ನನ್ನ ಪಾಳಿ ಬಂತು. ಯಾರ ಎಮ್ಮಿಗಿ ಬರಕೊಂಡು ಬಂದೀಯೋ ಅಂತ ಕಾಕಾ ನಗಲಾಕ ಹತ್ತಿದರು. ನಾ ಪೆಟ್ಟಿಗಿ ತೆರೆದು, ದಾಗಿನ ತಟ್ಟ್ಯಾಗ ಇಟ್ಟು, ಬಾಗಲ ಹತ್ತಿರ ನಿಂತ ನೀಲವ್ವನ ಮುಂದ ಹಿಡಿದೆ. ಪಡಸಾಲ್ಯಾಗ ಕೆಮ್ಮೋರು ಸೈತ ಕೆಮ್ಮು ನಿಲ್ಲಿಸಿದರು.

"ಸಿದ್ದ್ಯಾ, ಏನೋ ಇದು?" ಅತ್ತಿ ಕೇಳಿದರು.

"ಕೈಲೆ ಮಾಡಿದ್ದರೀ ಅತ್ತಿ. ಬ್ಯಾಡ ಅನ್ನಂಗಿಲ್ಲ, ಕೊಟ್ಟ ಜಾಗಾದಾಗೇ ಬಳಸಬೇಕು. ಕಾಯಿದೆ ನಿಮ್ಮದೇ." ಕಚೇರ್ಯಾಗ ಎಷ್ಟೋ ವಕೀಲರ ವಾದ ಬರದುಕೊಂಡ ಕೈ ನಂದು, ಕಾಯಿದೆಯ ಕಲಮು ಹ್ಯಾಂಗ ತೋರಿಸಬೇಕು ಅನ್ನೋದು ಗೊತ್ತಿತ್ತು.

ಅತ್ತಿ ಎದ್ದು ಬಂದರು. ದಾಗಿನ ನೋಡಲಿಲ್ಲ, ನನ್ನ ಕೈ ಹಿಡಿದು ತಿರುವಿದರು. ಮೂವತ್ತು ವರ್ಷ ಕುಸುರೆಳ್ಳು ಮಾಡಿದವರಿಗಿ ಆ ಬೊಬ್ಬಿ ಯಾವುದು ಅಂತ ಯಾರೂ ಹೇಳಬೇಕಾಗಿರಲಿಲ್ಲ. ಒಂದೊಂದೇ ಬಟ್ಟ ಮುಟ್ಟಿ ನೋಡಿದರು, ಹತ್ತೂ. ಕೈ ಬಿಟ್ಟು ಒಳಗ ಹೋದರು. ಸಿಟ್ಟಾಗಿ ತಮ್ಮ ಊರಿಗಿ ಬಂಡಿ ಹೂಡಿಸ್ತಾರ ಅಂತ ಅವ್ವ ಅಳಲಾಕ ತಯಾರಾದಳು. ಟ್ರಂಕಿನ ಸಪ್ಪಳ ಆಯಿತು. ಹೊರಗ ಬಂದಾಗ ಅವರ ಕೈಯಾಗ ಅವರದೇ ಕರಿ ಚಂದ್ರಕಾಳಿ ಸೀರಿ ಇತ್ತು.

"ಹಸರ ಸೀರಿ ಮ್ಯಾಲ ಸಕ್ಕರಿ ಎಲ್ಲಿ ಕಾಣತದ? ಇದನ್ನ ಉಟ್ಟು ಬಾ," ಅಂತ ನೀಲವ್ವನ ತೋಳಿನ ಮ್ಯಾಲ ಹಾಕಿದರು. "ಮಣೆ ಹಾಕ್ರೇ ಯಾರರೆ. ಎಲ್ಲಾ ನಾನೇ ಹೇಳಬೇಕೇನು?"

ನನ್ನ ಸರ ಒಂದು ಕಡಿ ಉದ್ದ, ಇನ್ನೊಂದು ಕಡಿ ಗಿಡ್ಡ ಆಗಿತ್ತು. ಎತ್ತಿನ ಗೆಜ್ಜಿಸರ ಆಗ್ಯದ ಅಂತ ಕಾಕಾ ಅಂದರು. ಯಾರರೆ ಏನರೆ ಅನಲಿ. ಕರಿ ಸೀರಿ ಮ್ಯಾಲ ಆ ಬಿಳಿ ಸಕ್ಕರಿ ಹಾಕ್ಕೊಂಡು ಮಣೆ ಮ್ಯಾಲ ಕುಂತ ನನ್ನ ಹೆಂಡತಿ ಮಾರಿ ನೋಡಿ ನಾ ನಾಲ್ವತ್ತು ಮಂದಿ ಮುಂದ ಅತ್ತುಬಿಟ್ಟೆ. ಅಕಿ ಅಳಲಿಲ್ಲ. ಎಂಟನೇ ವರ್ಷದಾಗ ಆಗಿದ್ದು ನೆನಪಿಲ್ಲಲ್ಲ, ಈ ಸಲದ್ದು ಒಂದೂ ತಪ್ಪಬಾರದು ಅಂತ ಕಣ್ಣು ಅಗಲಿಸಿ ಎಲ್ಲಾ ನೋಡಿಕೋತ ಕುಂತಿದ್ದಳು. ಅತ್ತಿ ಆರತಿ ಮಾಡಿದರು. ಆಮ್ಯಾಲ ಸರದಾಗಿನ ಒಂದು ಕಾಳು ಕಿತ್ತು ಬಾಯಾಗ ಹಾಕ್ಕೊಂಡರು. "ಮುಳ್ಳು ಮೊಂಡ ಆಗ್ಯಾವ. ಮುಂದ ಕೂಸು ಹುಟ್ಟಿದರ ಅದರ ಮೊದಲ ಸಂಕ್ರಮಣದ ದಾಗಿನ ನಾ ಮಾಡ್ತೀನಿ. ಇಂವನ ಕೈಗಿ ಪರಾತ ಕೊಡಬ್ಯಾಡ," ಅಂತ ನೀಲವ್ವಗ ಹೇಳಿದರು.

ಕೊಟ್ಟ ಮಾತು ಅತ್ತಿ ಉಳಿಸಿಕೊಂಡರು. ನಮ್ಮ ಮೊದಲ ಮೂರು ಕೂಸಿಗೂ ಉದಗೀರದಿಂದ ದಾಗಿನ ಬಂದವು, ನನ್ನವುಕ್ಕಿಂತ ಹತ್ತು ಪಟ್ಟು ಛಂದ. ನಾಕನೇದು ಹುಟ್ಟೋದರಾಗ ಅವರಿಗಿ ಕಣ್ಣು ಮಂಜಾಗಿದ್ದವು. ನೀಲವ್ವನ್ನ ಕರಕೊಂಡು ಬಾ ಅಂತ ಹೇಳಿ ಕಳಿಸಿದರು. ಅಕಿನ್ನ ಶೇಗಡಿ ಮುಂದ ಕೂಡಿಸಿ, ಕೈಯಾಗ ಚಮಚ ಕೊಟ್ಟು, ತಾವು ಹೊಸ್ತಿಲ ಆಚಿಗಿ ಕುಂತರು. ಆ ಸಲ ಎದ್ದಂಥ ಮುಳ್ಳು ಉದಗೀರದಾಗ ಯಾರೂ ನೋಡಿದ್ದಿಲ್ಲ.

ಅಲ್ಲಿಂದ ಇಲ್ಲಿತನಕ ನಮ್ಮ ಮನಿಗಿ ಯಾವ ಹೊಸ ಸೊಸಿ ಬಂದರೂ ದಾಗಿನ ನೀಲವ್ವನೇ ಮಾಡ್ತಾಳ. ಅಕಿಗಿ ಈಗೀಗ ಬಟ್ಟ ಸಲೀಸು ಬಾಗಂಗಿಲ್ಲ. ಹಂಗಾಗಿ ಹೋದ ವರ್ಷ, ಬಾಜು ಓಣ್ಯಾಗಿನ ಬಸವ್ವ ಮಾಡಿಕೊಡ್ತೀನಿ ಅಂದಾಳ, ಅಕಿಗಿ ಹೇಳೋಣು ಅಂದೆ. ನಮ್ಮ ಸಣ್ಣ ಮೊಮ್ಮಗಳು ಕಣ್ಣು ಕೆಕ್ಕರಿಸಿ ನನ್ನ ನೋಡಿದಳು. "ಅದು ಹ್ಯಾಂಗ ನಡೀತದ ಮುತ್ಯಾ? ಸಕ್ಕರಿ ದಾಗಿನ ಉಡಕಿ ಬಂದಾಕಿ ಕೈಲೇ ಆಗಬೇಕು. ನಮ್ಮ ಮನ್ಯಾಗ ಮೊದಲಿಂದ ಹಂಗೇ ಅದ."