ಮಾಲೆ ಹಾಕಿದವನ ಇರುವೆಗಳು

"ಚೀಮಲು! ಚೀಮಲು!" ಎನ್ನುತ್ತ ಆತ ಬಿಳಿ ಹಾಸಿಗೆಯಿಂದ ಏನನ್ನೋ ಹೆಕ್ಕಿ ಹೆಕ್ಕಿ ಎಸೆಯುತ್ತಿದ್ದ. ಚೀಮಲು ಎಂದರೆ ತೆಲುಗಿನಲ್ಲಿ ಇರುವೆಗಳು ಎಂದು ನರ್ಸ್ ಹೇಳಿದರು. ಹಾಸಿಗೆಯ ಮೇಲೆ ಒಂದೂ ಇರಲಿಲ್ಲ.

ನಾನು ಧಾರವಾಡ ಬಿಟ್ಟು ಮುಳಬಾಗಿಲಿನ ಆಸ್ಪತ್ರೆಯೊಂದಕ್ಕೆ ವೈದ್ಯೆಯಾಗಿ ಬಂದು ಆಗಿನ್ನೂ ತಿಂಗಳಾಗಿರಲಿಲ್ಲ. ಅಲ್ಲಿ ರೊಟ್ಟಿ ಮುರಿದು ಅಗಿದವಳು ಇಲ್ಲಿ ಮುದ್ದೆ ನುಂಗಲು ಕಲಿಯುತ್ತಿದ್ದೆ. "ಅಗೀಬಾರ್ದು ಮೇಡಂ, ರೊಟ್ಟಿ ಅನ್ಕೊಂಡ್ರಾ?" ಎಂದು ಅದೇ ನರ್ಸ್ ನಗುತ್ತಿದ್ದರು. ನನ್ನ 'ಹೌದ್ರೀ' ಕೇಳಿ ರೋಗಿಗಳೂ ನಗುತ್ತಿದ್ದರು.

ಆತ ಕಪ್ಪು ಪಂಚೆ ಉಟ್ಟು ಅಯ್ಯಪ್ಪನ ಮಾಲೆ ಹಾಕಿದ್ದ. "ಕುಡೀತಾರೇನ್ರೀ?" ಎಂದು ಹೆಂಡತಿಯನ್ನು ಕೇಳಿದೆ.

"ಅಯ್ಯೋ! ಸ್ವಾಮಿ ಮಾಲೆ ಹಾಕವ್ರೆ ಮೇಡಂ. ಮುಟ್ಟೋದೇ ಇಲ್ಲ."

ವ್ರತದಲ್ಲಿರುವ ಗಂಡನನ್ನು ಆಕೆಯೂ ಸ್ವಾಮಿ ಎಂದೇ ಕರೆಯಬೇಕು. ಬಾಯಲ್ಲಿ ವಾಸನೆ ಇರಲಿಲ್ಲ. ರಕ್ತದ ಸಕ್ಕರೆ ಸರಿಯಿತ್ತು. ಮನಸ್ಸಿನ ಕಾಯಿಲೆ ಇರಬೇಕೆಂದುಕೊಂಡು ಕೈಗಳನ್ನು ಮಂಚಕ್ಕೆ ಕಟ್ಟಿಸಿ, ಅದಕ್ಕೆ ಕೊಡುವ ಇಂಜೆಕ್ಷನ್ ಕೊಟ್ಟೆ. ಸ್ವಲ್ಪ ಹೊತ್ತಿಗೆ ಫಿಟ್ಸ್ ಬಂತು. ಕಟ್ಟಿದ ಕೈಗಳು ಕಟ್ಟಿದಲ್ಲೇ ಅದುರಿದವು.

ಆಗ ಆಕೆ ಬಾಯಿ ಬಿಟ್ಟಳು. "ದಿನಾ ಕುಡೀತಿದ್ರು. ಬಿಡ್ಸೋಕೆ ಅಂತ ಮೊನ್ನೆ ನಾನೇ ಮಾಲೆ ಹಾಕ್ಸ್ದೆ. ನಾನೇ ಸಾಯಿಸ್ಬಿಟ್ನಲ್ಲಪ್ಪಾ!"

ದಿನವೂ ಕುಡಿಯುವ ದೇಹ ಒಮ್ಮೆಲೇ ಕುಡಿತ ನಿಂತರೆ ಹೀಗೆ ಕೆರಳುತ್ತದೆ. ಅದರ ಔಷಧಿಯೇ ಬೇರೆ. ಅದನ್ನು ಕೊಟ್ಟ ಮೇಲೆ ಫಿಟ್ಸ್ ನಿಂತಿತು, ಕೆಲವು ದಿನಗಳಲ್ಲಿ ಇರುವೆಗಳೂ ಹೋದವು.

ಇದನ್ನು ಬರೆಯುವಾಗಲೂ ನೆನಪು ನನ್ನ ಪರವಾಗಿಯೇ ವಾದಿಸುತ್ತದೆ: ತೆಲುಗು ಬರುತ್ತಿರಲಿಲ್ಲ, ಊರು ಹೊಸದು. ನಂಬಬೇಡಿ. ಆಕೆ ಉತ್ತರಿಸಿದ್ದು ಕನ್ನಡದಲ್ಲೇ. ಮಾಲೆ ಹಾಕುವ ಮುಂಚೆ ಕುಡಿಯುತ್ತಿದ್ದರಾ ಎಂದು ನಾನು ಕೇಳಲಿಲ್ಲ, ಅಷ್ಟೇ.

ಮನೆಗೆ ಕಳಿಸುವ ದಿನವೂ ಆಕೆ "ಎಲ್ಲ ನನ್ನಿಂದ್ಲೇ" ಎನ್ನುತ್ತಿದ್ದಳು. ಸುಮ್ಮನಿದ್ದರೆ ಆ ಭಾರ ಆಕೆಯ ತಲೆಯ ಮೇಲೇ ಉಳಿಯುತ್ತಿತ್ತು. "ನಿಮ್ಮ ತಪ್ಪಲ್ಲ. ಸರಿಯಾಗಿ ಕೇಳಬೇಕಾದವಳು ನಾನ್ರೀ. ಕೊಟ್ಟ ಇಂಜೆಕ್ಷನ್ನೂ ಸರಿ ಇರಲಿಲ್ಲ" ಎಂದೆ.

ಆಕೆ ಗಂಡನ ಮಣಿಕಟ್ಟಿನಲ್ಲಿ ಕಟ್ಟು ಉಳಿಸಿದ್ದ ಗೆರೆಗಳನ್ನು ನೋಡಿದಳು. ಆಮೇಲೆ ನನ್ನನ್ನು. "ಇರ್ಲಿ ಬಿಡಿ ಮೇಡಂ. ನೀವು ಆ ಕಡೆಯೋರು. ನಮ್ ಕಡೆ ಮಾಲೆ ವಿಷ್ಯ ನಿಮ್ಗೆಂಗೆ ಗೊತ್ತಾಗ್ಬೇಕು?"

ಈಗ ಮುದ್ದೆ ಸಲೀಸಾಗಿ ಇಳಿಯುತ್ತದೆ. ಫೋನಿನಲ್ಲಿ ಅವ್ವ, "ನಿನ್ನ ಮಾತು ಆ ಕಡೀ ಮಂದಿ ಗತೆ ಆಗೇದಲ್ಲ" ಎನ್ನುತ್ತಾಳೆ. ಧಾರವಾಡದ ನಮ್ಮ ಓಣಿಯಲ್ಲೂ ಮಾಲೆ ಹಾಕುತ್ತಾರೆ, ಹಾಕುವ ಹಿಂದಿನ ದಿನದವರೆಗೂ ಕುಡಿಯುತ್ತಾರೆ. ಅದು ನಿಮಗೂ ಗೊತ್ತು, ನನಗೂ ಗೊತ್ತಿತ್ತು. ಆಕೆಗೆ ಅದನ್ನು ಹೇಳಲಿಲ್ಲ. ಹೊರಗಿನವಳೆಂದು ಕ್ಷಮಿಸಿದಳು. ನಾನು ಹೊರಗಿನವಳಾಗಿಯೇ ನಿಂತುಕೊಂಡೆ.