ಆಯುಧಪೂಜೆಯ ದಿನ ಕಂಪ್ಲಿಗೆ ಹೋದದ್ದು

ಆಯುಧಪೂಜೆಯ ಬೆಳಿಗ್ಗೆ ಚಿತ್ತವಾಡ್ಗಿಯಿಂದ ಆಟೋ ಹಿಡಿದು ಹೊಸಪೇಟೆ ಬಸ್ ನಿಲ್ದಾಣಕ್ಕೆ ಬಂದೆ. ತಂಗಿ ಗಂಗವ್ವ ಸಂಡೂರಿನ ಬಸ್ಸಿನಿಂದ ಆಗಲೇ ಇಳಿದು ನಿಂತಿದ್ದಳು. ಮಂಡಕ್ಕಿ ಒಗ್ಗರಣೆ, ಮಿರ್ಚಿ ಕೊಡಿಸಿದರೆ ಮುರಿದು ಹಾಗೇ ಬಿಟ್ಟಳು. ಕಂಪ್ಲಿಗೆ ಮೂವತ್ತು ಕಿಲೋಮೀಟರ್ ಚಿಲ್ಲರೆ. ಅವಳದು ಉಚಿತ ಟಿಕೆಟ್, ನನ್ನದು ದುಡ್ಡಿನದು. ಬಸ್ಸಿನ ಮುಂದಿನ ಗಾಜಿನ ತುಂಬ ಬಾಳೆಕಂದು, ಚೆಂಡುಹೂವು. ಅದರ ಸಂದಿಯಲ್ಲಿ ಡ್ರೈವರನಿಗೆ ರಸ್ತೆ ಹೇಗೆ ಕಾಣುತ್ತಿತ್ತೋ ದೇವರೇ ಬಲ್ಲ.

ಬಸ್ಸಿಗೆ ಪೂಜೆ ಮಾಡಿ ಓಡಿಸುತ್ತಾರೆ. ನಮ್ಮ ಗಣಿ, ಗಿರಣಿಗಳಲ್ಲಿ ಹಾಗಲ್ಲ. ಕುಂಕುಮ ಬಿದ್ದ ಯಂತ್ರವನ್ನು ಮರುದಿನದವರೆಗೆ ಯಾರೂ ಚಾಲೂ ಮಾಡುವುದಿಲ್ಲ. ಗಂಗವ್ವನ ಗಂಡ ಬಸವರಾಜ ಈ ಪದ್ಧತಿಯನ್ನು ಆಫ್ರಿಕಾದ ಒಂದು ದೇಶಕ್ಕೂ ಒಯ್ದಿದ್ದ. ಸಂಡೂರಿನಲ್ಲಿ ಅದಿರು ಅಗೆಯುವ ಯಂತ್ರ ನಡೆಸುತ್ತಿದ್ದವನನ್ನು ಅಲ್ಲಿಗೆ ಕಳಿಸಿದವರು ಕಂಪ್ಲಿಯ ಅಕ್ಕಿ ಗಿರಣಿಯ ಸಾವ್ಕಾರರು. ಪಾಲುದಾರರ ಜೊತೆ ಕಂಪನಿ ಕಟ್ಟಿ ಅಲ್ಲೊಂದು ಗಣಿ ಹಿಡಿದಿದ್ದರು. ಗಲಾಟೆಯಾದರೆ ಇರಲಿ ಎಂದು ಯಂತ್ರಗಳಿಗೆ ವಿಮೆ ಮಾಡಿಸಿದ್ದರು. ಓಡಿಸುವವರಿಗೆ ಮಾಡಿಸಲು ಯಾರಿಗೂ ಹೊಳೆದಿರಲಿಲ್ಲ.

ಕಳೆದ ವರ್ಷ ಆ ದೇಶದಲ್ಲಿ ಸೈನ್ಯವೇ ಸರ್ಕಾರವಾಯಿತು. ವಿದೇಶಿಯರ ಗಣಿಗಳೆಲ್ಲ ಇನ್ನು ತನ್ನವು ಎಂದಿತು. ಸೈನಿಕರು ಬಂದು ಯಂತ್ರಗಳನ್ನು ಚಾಲೂ ಮಾಡಿ ಹೊರಗೆ ತನ್ನಿ ಎಂದದ್ದು ಆಯುಧಪೂಜೆಯ ದಿನವೇ. ಬಸವರಾಜ ಕೈಮುಗಿದು, ಇವತ್ತು ಬೇಡ, ನಾಳೆ ತರುತ್ತೇನೆ ಎಂದ. ಕಂಪನಿಯೇ ಹೇಳಿಕೊಟ್ಟು ತಡೆಸುತ್ತಿದೆ ಎಂದುಕೊಂಡು ಅವನನ್ನು ಹಿಡಿದೊಯ್ದರು. ಇನ್ನೂ ಜೈಲಿನಲ್ಲಿದ್ದಾನೆ. ಗಣಿ ಕಿತ್ತುಕೊಂಡದ್ದಕ್ಕೆ ಕಂಪನಿ ಹೂಡಿರುವ ಪರಿಹಾರದ ಕೇಸು ಹಿಂತೆಗೆದರೆ ಬಿಡುತ್ತೇವೆ ಎನ್ನುತ್ತದೆ ಅಲ್ಲಿನ ಸರ್ಕಾರ. ಅದನ್ನು ಸಾವ್ಕಾರರಲ್ಲಿ ಕೇಳಿಕೊಳ್ಳಲೆಂದೇ ನಾವು ಹೊರಟಿದ್ದೆವು.

ಕಮಲಾಪುರದಲ್ಲಿ ಹಂಪಿ ನೋಡಲು ಬಂದ ಇಬ್ಬರು ವಿದೇಶಿಯರು ನಗುತ್ತ ಬಸ್ಸಿಳಿದರು.

"ಅಣ್ಣ, ಇವ್ರನ್ನ ಇಲ್ಲಿ ಯಾರೂ ಹಿಡಿಯಂಗಿಲ್ಲ ನೋಡು," ಎಂದಳು ಗಂಗವ್ವ. ಆಮೇಲೆ ಕಂಪ್ಲಿಯವರೆಗೂ ಬಾಳೆತೋಟ, ಭತ್ತದ ಗದ್ದೆ, ಚುರುಗುಟ್ಟುವ ಬಿಸಿಲು.

ಗಿರಣಿಯಲ್ಲಿ ಪೂಜೆ ಮುಗಿದಿತ್ತು. ಸಾವ್ಕಾರರು ಹೊಸ ಪಂಚೆಯಲ್ಲಿದ್ದರು. "ಬರ್ರಿ, ಕುಂದ್ರಿ," ಎಂದು ಮಂಡಕ್ಕಿ, ಕೊಬ್ಬರಿ ಪ್ರಸಾದ ಕೊಟ್ಟರು. ನಾನು ಕೇಸಿನ ಮಾತೆತ್ತಿದೆ.

"ಅದು ನನ್ನೊಬ್ಬನ ಕೈಯಾಗಿಲ್ರಿ. ಪಾಲುದಾರ್ರು ಒಪ್ಪಂಗಿಲ್ಲ. ಹಾಕಿದ ಬಂಡವಾಳ ಬರಬೇಕಲ್ರಿ," ಎಂದರು. ಪಂಚೆ ಸರಿಮಾಡಿಕೊಂಡು, "ನಿಮ್ಮವಂದೂ ತಪ್ಪೈತಿ. ಬಂದೂಕು ಹಿಡಕಂಡು ಬಂದೋರು ಚಾಲೂ ಮಾಡು ಅಂದ್ರ ಮಾಡಬೇಕಿತ್ತು. ಅಂಥಾ ಹೊತ್ತಿನ್ಯಾಗ ಪೂಜಿ ಗೀಜಿ ಏನು?" ಎಂದರು.

ಒಂದು ವರ್ಷದಿಂದ ಬಸವರಾಜ ಜೈಲಿನಲ್ಲಿ ಕೊಳೆಯುತ್ತಿರುವುದಕ್ಕೆ ಇವರಲ್ಲಿದ್ದ ಉತ್ತರ ಇಷ್ಟೇ. ನಾನು ಬಾಯಿ ತೆರೆಯುವಷ್ಟರಲ್ಲಿ ಗಂಗವ್ವ ಎದ್ದು, ಹೂವು ಮುಡಿದು ನಿಂತಿದ್ದ ಗಿರಣಿ ಯಂತ್ರದ ಹತ್ತಿರ ಹೋದಳು.

"ಸಾವ್ಕಾರ್ರ, ಇದನ್ನ ಒಂದು ಸಲ ಚಾಲೂ ಮಾಡ್ರಿ."

"ಇವತ್ತಾ? ತಲಿ ಕೆಟ್ಟೈತೇನವ್ವ? ಪೂಜಿ ಆಗೈತಿ. ಯಾರು ಬಂದು ಹೇಳಿದ್ರೂ ಮುಟ್ಟಂಗಿಲ್ಲ."

"ನಮ್ಮನಿಯವ್ರೂ ಇದನ್ನ ಅಂದಿದ್ದು," ಎಂದಳು. ಕೈಯಲ್ಲಿದ್ದ ಪ್ರಸಾದವನ್ನು ಯಂತ್ರದ ಮುಂದಿಟ್ಟು ಹೊರಗೆ ನಡೆದಳು.

ಹಿಂದಿರುಗುವ ಬಸ್ಸು ಸಿಕ್ಕಾಗ ಸಂಜೆಯಾಗಿತ್ತು. ಅದು ಗಿರಣಿಯ ಮುಂದಿನಿಂದಲೇ ಹೋಯಿತು. ಗಂಗವ್ವ ಕತ್ತು ಹೊರಳಿಸಲಿಲ್ಲ. ನಾನು ನೋಡಿದೆ. ತೆರೆದ ಬಾಗಿಲಿನಾಚೆ ಸಾವ್ಕಾರರು ಯಂತ್ರಕ್ಕೆ ಸಂಜೆಯ ಆರತಿ ಎತ್ತುತ್ತಿದ್ದರು.