ಖಾಲಿ ಎಂಬ ಫೋಲ್ಡರು

ನನ್ನ ಗೆಳೆಯ ತೀರಿಕೊಂಡು ಹನ್ನೊಂದು ವಾರವಾಯಿತು. ಟೇಪ್‌ರೆಕಾರ್ಡರ್ ರಿಪೇರಿ ಮಾಡುತ್ತಿದ್ದುದರಿಂದ ಓಣಿಯವರೆಲ್ಲ ಅವನನ್ನು ರೀಲಣ್ಣ ಎನ್ನುತ್ತಿದ್ದರು. ನಾನು ಅಚ್ಚುಕೂಟದಲ್ಲಿ ಕರಡು ತಿದ್ದುತ್ತಿದ್ದವನು; ಅವನ ಬಾಯಲ್ಲಿ ‘ಕಾಗುಣಿತ’. ಅವನ ಹಾರ್ಡ್ ಡಿಸ್ಕು ಈಗ ನನ್ನ ಮೇಜಿನ ಮೇಲೆ, ಅವನದೇ ಉಣ್ಣೆಯ ಟೋಪಿಯೊಳಗೆ ಇದೆ. ಅದರ ಪಕ್ಕ ನೀರಿನ ಲೋಟ ಇಡುವುದಕ್ಕೂ ನನಗೆ ಹೆದರಿಕೆ.

ಈ ಹೆದರಿಕೆ ಅವನಿಂದಲೇ ಅಂಟಿದ್ದು. ಕ್ಯಾಸೆಟ್ಟಿನ ಬೆನ್ನಂಚಿನಲ್ಲಿ ಎರಡು ಪುಟ್ಟ ಪ್ಲಾಸ್ಟಿಕ್ ಎಸಳುಗಳಿರುತ್ತಿದ್ದವು. ಅವನ್ನು ಮುರಿದುಬಿಟ್ಟರೆ ಅದರ ಮೇಲೆ ಮತ್ತೇನನ್ನೂ ರೆಕಾರ್ಡ್ ಮಾಡಲು ಬರುತ್ತಿರಲಿಲ್ಲ. ರೀಲಣ್ಣ ಕೈಗೆ ಸಿಕ್ಕ ಪ್ರತಿ ಕ್ಯಾಸೆಟ್ಟಿನ ಎಸಳನ್ನೂ ಸ್ಕ್ರೂಡ್ರೈವರಿನಿಂದ ಟಕ್ಕೆಂದು ಮುರಿಯುತ್ತಿದ್ದ. ಗಿರಾಕಿಗಳು ಜಗಳಕ್ಕೆ ಬರುತ್ತಿದ್ದರು.

“ಒಂದು ಮಾತು ಕೇಳದೆ ಮುರಿದುಬಿಟ್ರಲ್ರೀ!”

“ಅಳಿಸಿಹೋದ ಮೇಲೆ ಅತ್ಕೊಂಡು ಬರ್ತೀರಿ. ಅದಕ್ಕಿಂತ ಈಗಲೇ ಬೈದುಬಿಡಿ.”

ಕಾರಣ ಗೊತ್ತಿದ್ದವನು ನಾನೊಬ್ಬನೇ. ಅವನ ಅಂಗಡಿ ಮನೆಯ ಮುಂದಿನ ಕೋಣೆಯಲ್ಲೇ ಇತ್ತು. ರಿಪೇರಿಯಾದ ಯಂತ್ರ ದನಿ ಹಿಡಿಯುತ್ತದೆಯೇ ಎಂದು ನೋಡಲು ಹೆಂಡತಿಯನ್ನು ಕೂಗುತ್ತಿದ್ದ. ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಒಂದರಿಂದ ಹತ್ತು ಎಣಿಸುತ್ತಿದ್ದಳು. ಮರುದಿನ ಅದೇ ಕ್ಯಾಸೆಟ್ಟಿನ ಮೇಲೆ ಇನ್ನೊಂದು ಪರೀಕ್ಷೆ. ಹೀಗೆ ಆರು ವರ್ಷ ದಿನಾ ಅವಳ ದನಿ ತುಂಬಿಕೊಂಡ, ದಿನಾ ಅಳಿಸಿದ. ಮಗಳಿಗೆ ಎರಡು ತುಂಬುವ ಮೊದಲೇ ಅವಳು ಜ್ವರದಲ್ಲಿ ಹೋದಳು. ಆಮೇಲೆ ಹುಡುಕಿದರೆ ಒಂದೇ ಒಂದು ಕ್ಯಾಸೆಟ್ಟು ಉಳಿದಿತ್ತು. ಕೈತಪ್ಪಿ ನೆಲಕ್ಕೆ ಬಿದ್ದು ಎಸಳು ಮುರಿದದ್ದರಿಂದ ಕೆಲಸಕ್ಕೆ ಬಾರದೆಂದು ಡ್ರಾಯರಿಗೆ ಎಸೆದಿದ್ದ ಕ್ಯಾಸೆಟ್ಟು ಅದು.

ಕಾಲ ಸರಿಯಿತು, ಕ್ಯಾಸೆಟ್ಟುಗಳ ಕಾಲ ಮುಗಿಯಿತು. ಅರವತ್ತೆರಡನೇ ವಯಸ್ಸಿನಲ್ಲಿ ಅವನ ಕಿವಿ ಮಂದವಾಗತೊಡಗಿತು. ಇನ್ನೊಂದು ವರ್ಷದಲ್ಲಿ ಪೂರ್ತಿ ಹೋಗಬಹುದು ಎಂದರು ಕಿವಿಯ ಡಾಕ್ಟರು. ಅಂದು ಅವನು ಮೆಟ್ಟಿಲಿಳಿಯುವಾಗ ನನ್ನ ತೋಳು ಹಿಡಿದುಕೊಂಡ. ಕಾಲು ಗಟ್ಟಿಯಾಗಿಯೇ ಇದ್ದವು, ಆದರೂ ಹಿಡಿದುಕೊಂಡ.

ಅಂದಿನಿಂದ ಶುರುವಾಯಿತು ಅವನ ಧಾವಂತ. ಓಣಿಯ ಮನೆಗಳವೂ ಸೇರಿ ಇದ್ದಬದ್ದ ನಾನೂರು ಚಿಲ್ಲರೆ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿದ. ದನಿಯ ಒಂದು ಎಳೆಯೂ ಬಿಟ್ಟುಹೋಗದಂಥ ದೊಡ್ಡ ಫೈಲುಗಳು, ಲಾಸ್‌ಲೆಸ್ ಎನ್ನುತ್ತಾರಂತೆ. ಅವನು ‘ಗಟ್ಟಿ ಹಾಲು’ ಎನ್ನುತ್ತಿದ್ದ. ಫೋನಿಗೆ ಹಾಕುವ ಸಣ್ಣ ಫೈಲುಗಳು ‘ನೀರು ಬೆರೆಸಿದ್ದು’. ಹೆಂಡತಿಯ ಕ್ಯಾಸೆಟ್ಟು ಇಳಿಸಿ ಮುಗಿಯುವ ಹೊತ್ತಿಗೆ ಹಳೆಯ ಟೇಪು ಪುಡಿಪುಡಿಯಾಗಿ ಉದುರಿತು. ಇನ್ನು ಉಳಿದದ್ದು ಫೈಲು ಮಾತ್ರ.

ಎಲ್ಲವನ್ನೂ ಕೈಯಲ್ಲೇ ಜೋಡಿಸುತ್ತ ಕೂತರೆ ಕಿವಿ ಕಾಯುವುದಿಲ್ಲ ಎಂದು ಒಂದು ಸಾಫ್ಟ್‌ವೇರ್ ಹಾಕಿಸಿಕೊಂಡ. ‘ಬಾಗಿಲು’ ಎಂಬ ಫೋಲ್ಡರಿಗೆ ಫೈಲು ಹಾಕಿದರೆ ಸಾಕು. ಅದು ತಾನೇ ಸಣ್ಣ ಪ್ರತಿ ಮಾಡಿ, ಹೆಸರಿಟ್ಟು, ಯಾರ ಮನೆಯದೋ ಅವರ ಫೋಲ್ಡರಿನಲ್ಲಿ ಇಡುತ್ತದೆ. ಎಷ್ಟೋ ಕ್ಯಾಸೆಟ್ಟುಗಳ ಹಿಂಬದಿಯಲ್ಲಿ ಏನೂ ಇರಲಿಲ್ಲ. ಡಿಸ್ಕು ತುಂಬುತ್ತಿತ್ತು. ಅದಕ್ಕೇ ಇನ್ನೊಂದು ನಿಯಮ ಬರೆದ: ಸದ್ದಿಲ್ಲದ ಫೈಲು ‘ಖಾಲಿ’ ಎಂಬ ಫೋಲ್ಡರಿಗೆ ಹೋಗಲಿ, ಏಳು ದಿನದ ಮೇಲೆ ಅಳಿಯಲಿ.

“ಅಳಿಸೋ ಅಧಿಕಾರ ಯಂತ್ರಕ್ಕೆ ಕೊಡಬೇಡ ಕಣೋ,” ಎಂದೆ. “ನಾನು ನಲವತ್ತು ವರ್ಷ ತಪ್ಪು ಹೊಡೆದುಹಾಕ್ದೋನು. ಸರಿ ಇರೋದನ್ನೂ ಎಷ್ಟು ಹೊಡೆದುಹಾಕಿದೀನೋ ಶಿವನಿಗೇ ಗೊತ್ತು.”

“ಏಳು ದಿನ ಇದೆಯಲ್ಲೋ ಮಾರಾಯ. ಸತ್ತವರನ್ನೂ ಯಾರೂ ಅಷ್ಟು ದಿನ ಇಟ್ಕೊಳಲ್ಲ.”

ಎಷ್ಟು ಸಣ್ಣ ಸದ್ದನ್ನು ‘ಸದ್ದಿಲ್ಲ’ ಎನ್ನಬೇಕು? ಅದನ್ನು ಸಾಫ್ಟ್‌ವೇರಿಗೆ ನಾವೇ ಹೇಳಬೇಕಿತ್ತು. ತೆರೆಯ ಮೇಲೆ ಮೀಟರ್ ಇತ್ತು. ಅವನು ಅದರತ್ತ ನೋಡಲಿಲ್ಲ. ಹೆಡ್‌ಫೋನ್ ಹಾಕಿಕೊಂಡು, ಕಣ್ಣು ಮುಚ್ಚಿ, ಹಿಂದೆ ಟೇಪಿನ ದನಿ ಹೆಕ್ಕುವ ಹೆಡ್ ಹೊಂದಿಸುತ್ತಿದ್ದ ಹಾಗೆಯೇ ಸದ್ದಿನ ಮಿತಿಯ ಗೆರೆಯನ್ನು ಮೆಲ್ಲಗೆ ಸರಿಸಿದ. “ಮೀಟರ್ ಸುಳ್ಳು ಹೇಳುತ್ತೆ, ಕಿವಿ ಹೇಳಲ್ಲ,” ಎಂದ. ಇಡೀ ಜೀವಮಾನ ಆ ಮಾತು ನಿಜವಾಗಿತ್ತು. ಅದಕ್ಕೇ ನನಗೂ ಏನೂ ಹೊಳೆಯಲಿಲ್ಲ.

ಒಂದು ಸೋಮವಾರ ಬೆಳಗ್ಗೆ ಎಲ್ಲ ಫೈಲನ್ನೂ ‘ಬಾಗಿಲಿಗೆ’ ಸುರಿದ. ಮುಂದಿನ ಸೋಮವಾರ ಹನ್ನೊಂದರ ಹೊತ್ತಿಗೆ ಮಗಳು ಬಂದಳು. ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು, ಅಪ್ಪನಿಗಿಂತ ಒಂದು ಕೈ ಮೇಲು ಮಾತಿನಲ್ಲಿ. ನಾನೂ ಅಲ್ಲೇ ಚಹಾ ಕುಡಿಯುತ್ತಿದ್ದೆ.

“ಅಪ್ಪ, ಅಮ್ಮಂದು ನನ್ನ ಫೋನಿಗೆ ಹಾಕಿಕೊಡು. ಮೂವತ್ತು ವರ್ಷದಿಂದ ‘ಟೇಪು ಹಾಳಾಗುತ್ತೆ, ಹಾಳಾಗುತ್ತೆ’ ಅಂತ ಒಂದ್ಸಲಾನೂ ಕೇಳಿಸಿಲ್ಲ ನೀನು.”

ಅವನು ಮಗಳ ಹೆಸರಿನ ಫೋಲ್ಡರು ತೆರೆದ. ಏನೂ ಇರಲಿಲ್ಲ. ಬೇರೆ ಫೋಲ್ಡರುಗಳನ್ನು ತೆರೆದ. ಇರಲಿಲ್ಲ. ಅವನ ಮುಖದ ಬಣ್ಣ ಇಳಿಯುವುದನ್ನು ನಾನು ನೋಡಿದೆ. ಗಡಿಯಾರ ನೋಡಿದ. ‘ಖಾಲಿ’ ಫೋಲ್ಡರಿನ ಹತ್ತಿರ ಮೌಸಿನ ಬಾಣ ಒಯ್ದವನು ಅದನ್ನು ತೆರೆಯಲಿಲ್ಲ. ಎದ್ದು ಗೋಡೆಯಿಂದ ಪ್ಲಗ್ಗನ್ನೇ ಕಿತ್ತುಬಿಟ್ಟ.

“ಇವತ್ತು ಏಳನೇ ದಿನ,” ಎಂದ. “ಎಷ್ಟು ಹೊತ್ತಿಗೆ ಸುರಿದೆ ಅಂತ ನೆನಪಿಲ್ಲ. ಹತ್ತೂವರೆಯೋ, ಹನ್ನೊಂದೂವರೆಯೋ.”

ಹತ್ತೂವರೆಯಾದರೆ ಅವನ ಹೆಂಡತಿ ಅಳಿದು ಅರ್ಧ ಗಂಟೆಯಾಗಿತ್ತು. ಹನ್ನೊಂದೂವರೆಯಾದರೆ ಇನ್ನೂ ಇದ್ದಳು, ಆದರೆ ಮತ್ತೆ ಕಂಪ್ಯೂಟರ್ ಹಚ್ಚಿದ ಕೂಡಲೇ ಸಾಫ್ಟ್‌ವೇರ್ ಎದ್ದು ಕೆಲಸ ಮುಗಿಸುತ್ತಿತ್ತು. ಹಚ್ಚದೆ ನೋಡುವಂತಿಲ್ಲ, ನೋಡಲು ಹಚ್ಚುವಂತಿಲ್ಲ. ಮಗಳು ಬ್ಯಾಗು ಎತ್ತಿಕೊಂಡು ಡ್ಯೂಟಿಗೆ ಹೋದಳು. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು.

ಎರಡು ದಿನ ಅವನು ಆ ಯಂತ್ರದ ಎದುರು ಕುರ್ಚಿ ಹಾಕಿಕೊಂಡು ಕೂತ. ಹಾವಿರುವ ಬಿಲವನ್ನು ಕಾಯುವವನ ಹಾಗೆ. ಯಾರಾದರೂ ಗುಂಡಿ ಒತ್ತಿಬಿಟ್ಟಾರೆಂದು ಸ್ನಾನಕ್ಕೂ ಏಳಲಿಲ್ಲ. ನಾನು ಅನ್ನ ಕಲಸಿ ಕೊಟ್ಟರೆ ಎರಡು ತುತ್ತು ತಿಂದು ತಟ್ಟೆ ಸರಿಸಿದ. “ಇನ್ನೊಂದು ಸಲ ಅಳಿಸಿದೆ ಕಣೋ,” ಎಂದಷ್ಟೇ ಅಂದ.

ಬುಧವಾರ ಮಧ್ಯಾಹ್ನ ಮಗಳು ಬಂದಳು. “ಅಪ್ಪ, ಸಾಫ್ಟ್‌ವೇರ್ ಇರೋದು ಕಂಪ್ಯೂಟರಲ್ಲಿ. ಫೈಲಿರೋದು ಹೊರಗಡೆ ಡಿಸ್ಕಲ್ಲಿ. ವೈರ್ ಬಿಚ್ಚಿ ಕಾಗುಣಿತ ಮಾವನ ಕಂಪ್ಯೂಟರಿಗೆ ಹಾಕಿದ್ರೆ ಆಯ್ತಲ್ಲ?”

ನಾವಿಬ್ಬರು ಮುದುಕರು ಮುಖಮುಖ ನೋಡಿಕೊಂಡೆವು. ಹೆದರಿಕೆಗೆ ಬುದ್ಧಿ ಎಲ್ಲಿಯದು?

ಡಿಸ್ಕನ್ನು ಟೋಪಿಯಲ್ಲಿ ಸುತ್ತಿ, ಕೂಸನ್ನು ಎತ್ತಿಕೊಂಡಂತೆ ಎದೆಗೊತ್ತಿಕೊಂಡು ನನ್ನ ಮನೆಗೆ ತಂದ. ಈ ಮೇಜಿನ ಮೇಲೆಯೇ ಇಟ್ಟೆವು. ‘ಖಾಲಿ’ ಫೋಲ್ಡರು ಖಾಲಿಯಾಗಿರಲಿಲ್ಲ. ಮೂವತ್ತೊಂದು ಫೈಲುಗಳಿದ್ದವು, ಹೆಸರಿಲ್ಲದೆ, ಬರೀ ಸಂಖ್ಯೆಗಳು. ಅವನು ಹೆಡ್‌ಫೋನ್ ಹಾಕಿಕೊಂಡು ಒಂದೊಂದಾಗಿ ಕೇಳತೊಡಗಿದ. “ಖಾಲಿ,” ಎಂದ. “ಇದೂ ಖಾಲಿ.” ಹದಿನಾಲ್ಕನೆಯದನ್ನು ಬಹಳ ಹೊತ್ತು ಕೇಳಿ ಅದನ್ನೂ ಖಾಲಿ ಎಂದ. ತೆರೆಯ ಮೇಲಿನ ಗೆರೆ ಮಾತ್ರ ಸಣ್ಣಗೆ ನಡುಗುತ್ತಿತ್ತು. ನಾನು ಹೆಡ್‌ಫೋನ್ ಇಸಿದುಕೊಂಡೆ.

ದೂರದ ಬಾಗಿಲಿನಿಂದೆಂಬಂತೆ, ಸೊಳ್ಳೆಯಷ್ಟು ತೆಳ್ಳಗೆ, ಒಂದು ಹೆಂಗಸಿನ ದನಿ: ಒಂದು, ಎರಡು, ಮೂರು.

ನನ್ನ ಮುಖ ನೋಡಿ ಅವನಿಗೆ ತಿಳಿಯಿತು. ಫೈಲು ಇತ್ತು, ಹೋದದ್ದು ಯಾವುದೆಂದೂ ಅದೇ ಗಳಿಗೆಯಲ್ಲಿ ತಿಳಿಯಿತು. ಡಾಕ್ಟರು ಹೇಳಿದ ವರ್ಷ ಆಗಲೇ ಮುಗಿದಿತ್ತು. ಕಿವಿಯೂ ಸುಳ್ಳು ಹೇಳಿತ್ತು.

ಮಗಳು ಹೆಡ್‌ಫೋನ್ ಹಾಕಿಕೊಂಡಳು. ಎರಡನೆಯ ಸಲ ಕೇಳುವಾಗ ಅಪ್ಪನ ಅಂಗೈ ತೆಗೆದುಕೊಂಡು, ಅಮ್ಮ ಎಣಿಸಿದ ಹಾಗೆ ಒಂದೊಂದು ಎಣಿಕೆಗೂ ಬೆರಳಿನಿಂದ ತಟ್ಟಿದಳು. ಏಳಕ್ಕೆ ಅವಳ ಬೆರಳು ನಿಂತಿತು.

“ಈಗ ಬೈಗುಳ ಬರುತ್ತೆ ನೋಡು,” ಎಂದ ರೀಲಣ್ಣ.

ಮಗಳು ಅಳುತ್ತಲೇ ನಕ್ಕಳು. “‘ಹಾಲು ಉಕ್ತಾ ಇದೆ, ಹತ್ತರವರೆಗೆ ನೀವೇ ಎಣಿಸ್ಕೊಳ್ರೀ’ ಅಂತಾಳಪ್ಪ.”

ಅವನು ಎಂಟು, ಒಂಬತ್ತು, ಹತ್ತು ಎಂದು ಎಣಿಸಿದ, ತನಗೇ ಕೇಳಿಸದಷ್ಟು ಮೆಲ್ಲಗೆ.

ಅದಾಗಿ ನಾಲ್ಕು ತಿಂಗಳಿಗೆ ನಿದ್ದೆಯಲ್ಲೇ ಅವನ ಹೃದಯ ನಿಂತುಹೋಯಿತು. ಮಗಳ ಫೋನಿನಲ್ಲಿ ಒಂದು ಪ್ರತಿಯಿದೆ, ನೀರು ಬೆರೆಸಿದ್ದು. ಗಟ್ಟಿ ಹಾಲು ನನ್ನಲ್ಲಿದೆ. ಪ್ರತಿ ಸೋಮವಾರ ಡಿಸ್ಕು ಹಚ್ಚಿ ಹದಿನಾಲ್ಕನೆಯ ಫೈಲು ಕೇಳುತ್ತೇನೆ. ಅದು ಇದೆಯೇ ಎಂದು ನೋಡಲಷ್ಟೇ ಅಲ್ಲ, ನನಗಿನ್ನೂ ಕೇಳಿಸುತ್ತದೆಯೇ ಎಂದೂ. ಕಳೆದ ವಾರ ಧ್ವನಿಯನ್ನು ಎರಡು ಗೆರೆ ಏರಿಸಬೇಕಾಯಿತು. ಮಗಳಿಗೆ ಫೋನ್ ಮಾಡಿ, ನಾಳೆಯೇ ಬಂದು ಡಿಸ್ಕು ಒಯ್ಯಮ್ಮ ಎಂದಿದ್ದೇನೆ. ಟೋಪಿಯನ್ನು ಮಾತ್ರ ನಾನು ಇಟ್ಟುಕೊಳ್ಳುತ್ತೇನೆ.